ಬ್ರೇಕ್ ಒತ್ತಿದರೂ ಬದಲಾಗದ ಕೆಂಪು

ಬಲ್ಬು ಹತ್ತಿಕೊಂಡರೆ ಸಾಕು ಅನ್ನುವವರನ್ನು ಕಂಡರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ನನ್ನ ಗಂಡ ಅಂಥವರಲ್ಲಿ ಮೊದಲಿಗರು.

ಅವತ್ತು ಮಧುಗಿರಿಯಿಂದ ಕೊಡಿಗೇನಹಳ್ಳಿಯ ನನ್ನ ತವರಿಗೆ ಹೊರಟಿದ್ದೆವು. ಹಳೇ ಕಾರಿನ ಹಿಂದಿನ ಬ್ರೇಕ್ ಬಲ್ಬೊಂದು ಸುಟ್ಟುಹೋಗಿತ್ತು. ಬಿಚ್ಚಿದ್ದನ್ನು ಇವರು ಚರಂಡಿಗೆ ಎಸೆದು, ಬಿಡಿಭಾಗದ ಅಂಗಡಿ ಮುಂದೆ ಕಾರು ನಿಲ್ಲಿಸಿದರು.

"ಹಳೇದು ತಂದಿದ್ದೀರಾ ಅಣ್ಣ?" ಎಂದ ಅಂಗಡಿಯವನು. "ತಳದಾಗೆ ಒಂದು ಚುಕ್ಕಿನೋ ಎರಡೋ ನೋಡ್ಬೇಕು. ಎರಡಿದ್ರೆ ಒಳಗೆ ಎರಡು ತಂತಿ. ಒಂದು ರಾತ್ರಿ ಲೈಟಿಗೆ, ಇನ್ನೊಂದು ಬ್ರೇಕಿಗೆ. ಅಲ್ಲಿಗೆ ಒಂದು ಚುಕ್ಕಿಯದು ತುರುಕಿದ್ರೆ ಎರಡು ಲೈನೂ ಒಂದಾಗ್ಬಿಡ್ತವೆ, ಎರಡೂ ಕಡೆ."

"ಬ್ರೇಕ್ ಬಲ್ಬ್ ಕೇಳಿದ್ರೆ ಪುರಾಣ ಸುರು ಮಾಡ್ಬುಟ್ಟೆಯಲ್ಲಪ್ಪಾ. ಅದೇ ಕೊಡು, ಅಲ್ಲಿರೋದು," ಎಂದು ಒಂದು ಚುಕ್ಕಿಯದನ್ನು ಎತ್ತಿಕೊಂಡರು.

ಅದು ಹೋಲ್ಡರಿನಲ್ಲಿ ಕೂರಲೊಲ್ಲದು. ಅದುಮಿ, ತಿರುಚಿ, ಬೈದು ಕೂರಿಸಿದರು.

"ರೀ, ಇಂಗೆ ಬಲವಂತ ಮಾಡಿದ್ರೆ ಹೆಂಗೆ? ಬೇರೇದು ಕೇಳಿ."

ಬ್ರೇಕ್ ಒತ್ತಿ ತೋರಿಸಿದರು. ಆ ಬಿಸಿಲಲ್ಲೂ ಬಲ್ಬು ಝಗ್ಗನೆ ಹತ್ತಿತು. "ನೋಡ್ದೇನೆ? ಸುಮ್ಕೆ ತಲೆ ತಿಂತೀಯ."

ಮನೆಯ ಸ್ಕೂಟರನ್ನು ತವರಿನಲ್ಲಿದ್ದ ನನ್ನ ತಮ್ಮನಿಗೆ ಒಪ್ಪಿಸಬೇಕಿತ್ತು. ಹಾಗಾಗಿ ಕಾರಿನಲ್ಲಿ ಇವರು, ಅತ್ತೆ. ಹಿಂದೆ ಸ್ಕೂಟರಿನಲ್ಲಿ ನಾನು. ನನ್ನ ಮುಂದೆ, ಹ್ಯಾಂಡಲ್ ಹಿಡಿದು ನಿಂತಿದ್ದಳು ಒಂದನೇ ಕ್ಲಾಸಿನ ಮಗಳು.

ಹುರುಳಿ ಒಕ್ಕಣೆಯ ಕಾಲ. ನಮ್ಮ ಕಡೆ ಹುರುಳಿ ಗಿಡವನ್ನು ಟಾರು ರೋಡಿಗೇ ಹರಡುತ್ತಾರೆ, ಓಡಾಡುವ ಗಾಡಿಗಳೇ ತುಳಿದು ಕಾಳು ಬಿಡಿಸಲಿ ಅಂತ. ಎರಡು ಚಕ್ರದವರಿಗೆ ಅದು ಸಾವಿನ ಹಾಸಿಗೆ. ಕಾರಿನ ಹಿಂದೆಯೇ, ಅದರ ಗಾಲಿ ತುಳಿದ ಜಾಡಿನಲ್ಲೇ ಹೋದರೆ ಜಾರುವುದಿಲ್ಲ. ಹುಟ್ಟಿದಾಗಿಂದ ನೋಡಿದ್ದು, ನಾನೂ ಹಾಗೇ ಕಾರಿಗೆ ಒತ್ತಿಕೊಂಡು ಹೊರಟೆ.

ಹೊತ್ತು ಮುಳುಗಿತು. ಇವರು ಲೈಟು ಹಾಕಿದರು. ಹಿಂದೆ ಎರಡೂ ಕಡೆ ಕಣ್ಣಿಗೆ ಹೊಡೆಯುವ ಕೆಂಪು. ಇಷ್ಟೊಂದು ಯಾಕೆ ಅಂದುಕೊಂಡೆನೇ ಹೊರತು ಬೇರೇನೂ ಹೊಳೆಯಲಿಲ್ಲ.

ಮುಂದೆ ಯಾರೋ ಅಜ್ಜಿ ಕಾಳು ಗುಡಿಸಲು ರೋಡಿಗೆ ಇಳಿದಿದ್ದಳಂತೆ. ನನಗೇನು ಕಾಣುತ್ತದೆ? ಕೆಂಪು ಮೊದಲು ಹೇಗಿತ್ತೋ ಹಾಗೇ ಇತ್ತು. ಕಾರು ಹೋಗುತ್ತಿದೆ ಅಂದುಕೊಂಡೇ ಇದ್ದೆ. ಇದ್ದಕ್ಕಿದ್ದಂತೆ ಕಾರಿನ ಹಿಂಬದಿ ಮಗಳ ಮುಖದ ಮುಂದಿತ್ತು. ಅಯ್ಯೋ ದೇವರೇ! ಹ್ಯಾಂಡಲ್ ತಿರುಗಿಸಿಬಿಟ್ಟೆ. ಸ್ಕೂಟರು ಜಾರಿ, ರೋಡಿನ ಅಂಚಿನ ಹೊಟ್ಟಿನ ರಾಶಿಗೆ ಇಬ್ಬರೂ ಬಿದ್ದೆವು.

ಮಗಳ ಮೊಣಕೈ ತರಚಿತ್ತು, ಅಷ್ಟೇ. ಅವಳ ತಲೆ, ಹಲ್ಲು, ಕಣ್ಣು ಎಲ್ಲ ಮುಟ್ಟಿ ಮುಟ್ಟಿ ನೋಡಿದೆ.

ಇವರು ಕೂಗಿಕೊಂಡೇ ಓಡಿ ಬಂದರು. "ಕಣ್ಣು ಎಲ್ಲಿಟ್ಟಿದ್ದೆ? ನಾನು ಬ್ರೇಕ್ ಹಾಕಿದ್ದು ಕಾಣ್ಲಿಲ್ವೇನೆ?"

ನನಗೆ ಎಲ್ಲಿತ್ತೋ ಸಿಟ್ಟು. ಮಗಳನ್ನು ಅವರ ಕೈಗೆ ಕೊಟ್ಟೆ. "ಹಿಂದ್ಗಡೆ ನಿಂತ್ಕಂಡು ನೀವೇ ನೋಡಿ. ನಾನು ಬ್ರೇಕ್ ಒತ್ತುತೀನಿ."

ಲೈಟು ಇನ್ನೂ ಉರಿಯುತ್ತಲೇ ಇತ್ತು. ಡ್ರೈವರ್ ಸೀಟಿನಲ್ಲಿ ಕೂತು ಪೆಡಲ್ ತುಳಿದೆ. ಬಿಟ್ಟು ಮತ್ತೆ ತುಳಿದೆ.

ಕೊನೆಗೆ ಅಪ್ಪನ ಸೊಂಟದ ಮೇಲಿಂದ ಮಗಳೇ ಕೂಗಿದಳು: "ಅಮ್ಮಾ, ಇನ್ನೂ ಯಾಕೆ ಸುಮ್ನಿದ್ದೀಯ? ಒತ್ತಮ್ಮಾ!"

ನಾನು ಎರಡೂ ಕಾಲಿನಿಂದ ಪೆಡಲನ್ನು ನೆಲಕ್ಕೆ ಅದುಮಿ ಕೂತಿದ್ದೆ.