ಜೀರಿಗೆ ಕರೆದ ಕೂಡಲೇ ಬರುತ್ತಿತ್ತು

ಬಸವರಾಜೇಶ್ವರಿ ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರಾಗಿ ನಿವೃತ್ತಿಯಾದವರು. ಮದುವೆಯಾಗಿರಲಿಲ್ಲ, ವಿನೋಬನಗರದ ಪುಟ್ಟ ಮನೆಯಲ್ಲಿ ಒಬ್ಬರೇ ಇದ್ದರು. ಮೈದಾನದ ಈ ತುದಿಯಲ್ಲಿ ನಿಂತು ಅವರು 'ಸಾವಧಾನ್' ಅಂದರೆ ಆ ತುದಿಯ ಮಕ್ಕಳ ಬೆನ್ನು ನೆಟ್ಟಗಾಗುತ್ತಿತ್ತು. ಹಳೆಯ ವಿದ್ಯಾರ್ಥಿಗಳು ಗಾಂಧಿಬಜಾರಿನಲ್ಲಿ ಎದುರಾದರೆ ಈಗಲೂ ಸಿಗರೇಟನ್ನು ಬೆನ್ನ ಹಿಂದೆ ಮುಚ್ಚಿಡುತ್ತಿದ್ದರು. ಅದು ಅವರಿಗೆ ಒಳಗೊಳಗೇ ಖುಷಿ ಕೊಡುತ್ತಿತ್ತು.

ಭದ್ರಾವತಿಯಲ್ಲಿದ್ದ ಅಕ್ಕನ ಮಗಳು ಸಮತಾ ತುಂಬು ಬಸುರಿಯಾಗಿದ್ದಾಗ ಫೋನ್ ಮಾಡಿದಳು. ಅವಳ ತಾಯಿ ತೀರಿಕೊಂಡು ವರ್ಷಗಳಾಗಿದ್ದವು.

"ಬಾಣಂತನ ಮಾಡಕ್ಕೆ ನಂಗೆ ಬರಲ್ಲ ಕಣೇ," ಎಂದು ಬಸವರಾಜೇಶ್ವರಿ ಮೊದಲೇ ಹೇಳಿಬಿಟ್ಟರು.

"ಅದನ್ನ ಅತ್ತೆ ಮಾಡ್ತಾರೆ ಚಿಕ್ಕಮ್ಮ. ನೀವು ಜೀರಿಗೆನ ಸ್ವಲ್ಪ ದಿನ ಇಟ್ಕೊಳ್ತೀರಾ? ಕರೆದ್ರೆ ಬರೋ ಹಾಗೆ ಮಾಡಿ ಸಾಕು. ನಾಳೆ ಮಗು ಇರೋ ಮನೆ."

ಜೀರಿಗೆ ಎಂದರೆ ಅವಳ ನಾಯಿ. ಪಾಮೇರಿಯನ್ ಬೆರಕೆ, ಕಂದು ಬಣ್ಣ, ಮಡಿಲಲ್ಲಿ ಹಿಡಿಸುವಷ್ಟೇ ಗಾತ್ರ. ಇಡೀ ಶಾಲೆಯನ್ನೇ ಸಾಲಾಗಿ ನಿಲ್ಲಿಸಿದವರಿಗೆ ಇದೇನು ಮಹಾ ಅನ್ನಿಸಿತು.

ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಚಪಾತಿ ಚೂರು ತೋರಿಸಿ 'ಕೂತ್ಕೋ' ಎಂದರೆ ಜೀರಿಗೆ ಥಟ್ಟನೆ ಕೂರುತ್ತಿತ್ತು. 'ಬಾ' ಎಂದಾಗ ಮಾತ್ರ ಬರುವ ದಾರಿಯಲ್ಲಿ ಪೇರಳೆ ಗಿಡದ ಬುಡ ಮೂಸುವುದು, ಅಳಿಲಿನ ಹಿಂದೆ ಓಡುವುದು. ಒಂದು ಬೆಳಗ್ಗೆ ಗೇಟು ದಾಟಿ ರಸ್ತೆಗೆ ಹೋಯಿತು. ಇವರು ಕೂಗಿದರು, ಮತ್ತೂ ಕೂಗಿದರು. ಎದುರು ಮನೆಯ ಗುರುಪ್ರಸಾದ್ ಪೇಪರ್ ಓದುತ್ತಿದ್ದವರು ತಲೆಯೆತ್ತಿ ನಕ್ಕರು.

"ಏನ್ ಮೇಡಂ, ಇಡೀ ಸ್ಕೂಲ್ ನಿಮ್ಮ ಮಾತು ಕೇಳ್ತಿತ್ತು. ನಾಯಿ ಕೇಳಲ್ವಾ?"

ಕೊನೆಗೆ ಜೀರಿಗೆ ಬಾಲ ಆಡಿಸುತ್ತ ತಾನಾಗಿ ಒಳಗೆ ಬಂತು. ಬಸವರಾಜೇಶ್ವರಿ ಬಾಗಿಲು ಹಾಕಿ, ಪೇಪರ್ ಸುರುಳಿ ಮಾಡಿ ಬಾರಿಸಿದರು. ಅದು ಮೂಲೆಗೆ ಸರಿದರೂ ಬಿಡಲಿಲ್ಲ.

ಅಂದಿನಿಂದ ಜೀರಿಗೆ ಕರೆದ ಕೂಡಲೇ ಬರತೊಡಗಿತು. ಸ್ವಲ್ಪ ತಡವಾದರೆ ಪೇಪರನ್ನು ಬಾಗಿಲಿಗೆ ಬಡಿದರೂ ಸಾಕಿತ್ತು. "ಮಿಲಿಟರಿ ಥರ ಮಾಡಿದೀನಿ, ಬಂದಾಗ ನೋಡುವಂತೆ," ಎಂದು ಸಮತಾಳಿಗೆ ಫೋನಿನಲ್ಲಿ ಹೆಮ್ಮೆಯಿಂದ ಹೇಳಿದರು.

ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಆಟೋ ಮಾಡಿಕೊಂಡು ಜೀರಿಗೆಯೊಂದಿಗೆ ಭದ್ರಾವತಿಗೆ ಹೋದರು. ಸಮತಾಳನ್ನು ಕಂಡದ್ದೇ ನಾಯಿ ಕುಣಿದಾಡಿ ಅವಳ ಮಡಿಲು ಹತ್ತಿತು. ಊಟ ಮುಗಿದು ನೆಂಟರೆಲ್ಲ ನಡುಮನೆಯಲ್ಲಿ ಕೂತಿದ್ದಾಗ ಬಸವರಾಜೇಶ್ವರಿ ಎದ್ದು ನಿಂತರು.

"ಈಗ ನೋಡಿ," ಎಂದವರೇ ಮೈದಾನದ ದನಿ ತೆಗೆದು, "ಜೀರಿಗೆ, ಬಾ!" ಎಂದರು.

ಜೀರಿಗೆ ತಕ್ಷಣ ಮಡಿಲಿನಿಂದ ಇಳಿಯಿತು. ಕಿವಿ ಮಡಚಿಕೊಂಡು, ಹೊಟ್ಟೆ ನೆಲಕ್ಕೆ ಒತ್ತಿ, ತೆವಳುತ್ತ ಬಂದು ಅವರ ಪಾದದ ಹತ್ತಿರ ಉಚ್ಚೆ ಹೊಯ್ದುಕೊಂಡಿತು.

ಯಾರೋ ನಕ್ಕರು. ಸಮತಾ ನಗಲಿಲ್ಲ. "ಚಿಕ್ಕಮ್ಮ, ಇವನಿಗೆ ಹೊಡೆದ್ರಾ?"

"ಇಲ್ಲಪ್ಪ! ಒಂದೇಟೂ ಹೊಡೆದಿಲ್ಲ. ಆಟೋ ಸದ್ದಿಗೆ ಹೆದರಿರ್ಬೇಕು."

ಸಮತಾಳ ಅತ್ತೆ ದ್ಯಾಮಮ್ಮ ಒರೆಸುವ ಬಟ್ಟೆ ತಂದರು. ಅದನ್ನು ಇಸಿದುಕೊಳ್ಳಲು ಬಸವರಾಜೇಶ್ವರಿ ಕೈ ಎತ್ತಿದ್ದಷ್ಟೆ, ಜೀರಿಗೆ ಕುಂಯ್‌ಗುಟ್ಟಿ ತೊಟ್ಟಿಲ ಕೆಳಗೆ ನುಗ್ಗಿತು. ಎಲ್ಲರೂ ನೋಡಿದರು. "ಇನ್ನೊಂದು ಹೋಳಿಗೆ ತರ್ಲಾ ಟೀಚರ್?" ಎಂದು ದ್ಯಾಮಮ್ಮ ಮೆಲ್ಲಗೆ ಕೇಳಿದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಉಪಚಾರಕ್ಕೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ನಾಯಿಯನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಒಬ್ಬರೇ ವಾಪಸಾದರು. "ಎಲ್ಲ ಕಲಿಸಿ ಕಳಿಸಿದೆ," ಎಂದು ಗುರುಪ್ರಸಾದರಿಗೂ ಸುಳ್ಳು ಹೇಳಿದರು. ಸಮತಾಳ ಫೋನು ಬಂದರೆ ಎತ್ತಲು ಧೈರ್ಯವಾಗುತ್ತಿರಲಿಲ್ಲ. ಅನ್ನಕ್ಕೆ ಕೂತರೆ ತೊಟ್ಟಿಲ ಕೆಳಗಿನ ಆ ಎರಡು ಕಣ್ಣು ಎದುರಿಗೆ ಬರುತ್ತಿದ್ದವು.

ಕಡೆಗೊಂದು ಭಾನುವಾರ ಹೇಳದೆ ಕೇಳದೆ ಭದ್ರಾವತಿಗೆ ಹೋದರು. ಅತ್ತೆ ಸೊಸೆ ಇಬ್ಬರೂ ಇದ್ದರು. ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರು.

"ಅವತ್ತು ನಿಮ್ಮೆಲ್ಲರ ಮುಂದೆ ಸುಳ್ಳು ಹೇಳ್ದೆ. ಹೊಡೆದಿದ್ದೆ. ಅವನು ಬಂದ ಮೇಲೆ ಹೊಡೆದೆ."

ಸಮತಾ ಮಗುವನ್ನು ಹೆಗಲಿಗೆ ಹಾಕಿಕೊಂಡಳು. ಆಮೇಲೆ, "ಬಂದ್ಮೇಲೆ ಹೊಡೆದ್ರೆ, ಬಂದಿದ್ದೇ ತಪ್ಪು ಅನ್ಕೊಳ್ಳಲ್ವಾ ಚಿಕ್ಕಮ್ಮ?" ಎಂದಳು.

"ಗೊತ್ತಿತ್ತು ಕಣೇ. ಮಕ್ಕಳನ್ನ ನೋಡ್ಕೊಂಡೇ ಬಂದವಳು, ಅಷ್ಟೂ ಗೊತ್ತಿಲ್ದೆ ಇರುತ್ತಾ? ಎದುರು ಮನೆಯವರು ನಕ್ಕರು. ಆ ಸಿಟ್ಟು ಇದರ ಮೇಲೆ ತೀರಿಸ್ಕೊಂಡೆ."

ದ್ಯಾಮಮ್ಮ ಕಾಫಿ ತಂದು ಮುಂದಿಟ್ಟರು. ಬಸವರಾಜೇಶ್ವರಿಗೆ ಲೋಟ ಮುಟ್ಟಲಾಗಲಿಲ್ಲ.

"ಆ 'ಬಾ' ಅನ್ನೋ ಮಾತು ಕೆಟ್ಟೋಯ್ತು," ಎಂದಳು ಸಮತಾ. "ಬೇರೆ ಇಟ್ಕೊಳ್ಳೋಣ. 'ಇಲ್ನೋಡು' ಅನ್ನಿ. ಎಷ್ಟೇ ತಡವಾಗಿ ಬಂದ್ರೂ ಬೈಬಾರ್ದು. ಆಗುತ್ತಾ ನಿಮ್ಮ ಹತ್ರ?"

ಅವರು ತಲೆಯಾಡಿಸಿದರು.

ಅಲ್ಲಿಂದ ಮುಂದೆ ಭಾನುವಾರಗಳೆಲ್ಲ ಭದ್ರಾವತಿಯಲ್ಲೇ ಕಳೆದವು. ಮಂಡಿ ನೋಯುತ್ತಿದ್ದರೂ ನೆಲದ ಮೇಲೆ ಓರೆಯಾಗಿ ಕೂತು, ತುಪ್ಪ ಸವರಿದ ಚಪಾತಿ ಚೂರನ್ನು ದೂರಕ್ಕೆ ಇಟ್ಟು ಕಾಯುತ್ತಿದ್ದರು. ಮೊದಲು ನಾಯಿ ಬಾಗಿಲಿನಿಂದಲೇ ನೋಡಿ ಹೋಗುತ್ತಿತ್ತು. ಬರಬರುತ್ತ ಚೂರನ್ನು ಕಚ್ಚಿಕೊಂಡು ಓಡಿತು, ಆಮೇಲೆ ಅಲ್ಲೇ ನಿಂತು ತಿಂದಿತು. ನಡುಮನೆಯಿಂದ ಅಂಗಳಕ್ಕೆ ಪಾಠ ಹೋಗುವಷ್ಟರಲ್ಲಿ ಮಗು ಬೋರಲು ಬೀಳಲು ಕಲಿತಿತ್ತು. ಸಮತಾ 'ಇಲ್ನೋಡು' ಅಂದರೆ ಜೀರಿಗೆ ಬಾಣದಂತೆ ಬರುತ್ತಿತ್ತು. ಇವರು ಕರೆದರೆ ಅರ್ಧ ದಾರಿಯಲ್ಲಿ ನಿಂತು, ಇವರ ಕೈ ನೋಡಿ, ಆಮೇಲೆ ಬರುತ್ತಿತ್ತು. ಪ್ರತಿಸಲವೂ ಅವರು ಮುಖ ಬೇರೆಡೆ ತಿರುಗಿಸುತ್ತಿದ್ದರು.

ಒಂದು ದಿನ ಸಮತಾ ಮಗುವಿಗೆ ನೀರೆರೆಯುತ್ತಿದ್ದಾಗ ಗೇಟು ತೆರೆದಿತ್ತು. ಜೀರಿಗೆ ರಸ್ತೆಯಾಚೆ ಹೋಗಿ ನಿಂತಿತ್ತು, ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಹಳೆಯ ದನಿ ಗಂಟಲವರೆಗೂ ಬಂತು. ಬಸವರಾಜೇಶ್ವರಿ ಅದನ್ನು ನುಂಗಿಕೊಂಡು ಗೇಟಿನ ಬಳಿ ಮಣ್ಣಿನಲ್ಲೇ ಕುಕ್ಕರಿಸಿದರು.

"ಜೀರಿಗೆ, ಇಲ್ನೋಡು ಮರಿ."

ಅದು ನಿಲ್ಲದೆ ಓಡಿಬಂದು ಅವರ ಸೀರೆಯೊಳಗೆ ಮೂತಿ ತೂರಿಸಿತು. ಹಿಂದೆಯೇ ಬಸ್ಸು ಹೋಯಿತು.

ಬಾಗಿಲಲ್ಲಿ ನಿಂತು ನೋಡಿದ ದ್ಯಾಮಮ್ಮ ಪಕ್ಕದ ಮನೆಯವರಿಗೆ ಕೂಗಿ ಹೇಳಿದರು: "ನೋಡಿದ್ರಾ, ಎಷ್ಟು ಬೇಗ ಬಂದ! ಎಲ್ಲ ನಮ್ಮ ಟೀಚರ್ ಕಲಿಸಿದ್ದು!"

ಬಸವರಾಜೇಶ್ವರಿಯ ಮುಖ ಬಿಸಿಯಾಯಿತು.

"ನಾನಲ್ಲ ದ್ಯಾಮಮ್ಮ, ಕಲಿಸಿದ್ದು ಸಮತಾ. ನಾನು ಕೆಡಿಸಿದ್ದೆ," ಎಂದರು. ನಾಯಿಯ ಬೆನ್ನಿನ ಮೇಲಿಂದ ತಲೆಯೆತ್ತಲಿಲ್ಲ.