ಒದ್ದೆ ಗೋಣಿಚೀಲದ ಕೆಳಗೆ

ಹೋದ ವರ್ಷದ ಏಪ್ರಿಲ್. ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಹಳ್ಳಿಗಳ ಕುಡಿಯುವ ನೀರಿನ ಮೋಟರುಗಳಿಗೆ ಬಿಸಿ ಅಳೆಯುವ ಸೆನ್ಸರ್ ಕೂರಿಸಿ, ಕಂಪ್ಯೂಟರಿನಲ್ಲಿ ಪ್ರತಿ ಮೋಟರಿಗೂ ಒಂದು ‘ಡಿಜಿಟಲ್ ಅವಳಿ’ ಮಾಡುವುದು ನಮ್ಮ ಕಂಪನಿಯ ಕೆಲಸ. ಮೋಟರು ಕಾದರೆ ಪರದೆಯ ಮೇಲಿನ ಅವಳಿ ಕೆಂಪಾಗುತ್ತದೆ; ಕೆಡುವ ಮೊದಲೇ ರಿಪೇರಿ ಮಾಡಬಹುದು. ದೇವನಹಳ್ಳಿಯ ಆಫೀಸಿನಲ್ಲಿ ಕೂತು ಆ ಪರದೆ ನೋಡುವವಳು ನಾನು.

ಬೂದಿಗೆರೆ ಕಡೆಯ ಒಂದು ಊರಿನ ವಾಟರ್‌ಮ್ಯಾನ್ ಮುನಿರಾಜಣ್ಣ ಒಂದು ಮಧ್ಯಾಹ್ನ ಫೋನ್ ಮಾಡಿದರು.

“ಮೇಡಂ, ಮೋಟ್ರು ಸದ್ದು ಬೇರೆ ಆಗೈತೆ. ಒಂದಿನ ನಿಲ್ಸಿ ಬಿಚ್ಚಿ ನೋಡ್ಸಿ.”

ಪರದೆ ನೋಡಿದೆ. ಹಸಿರು.

“ಬೇರಿಂಗ್ ಹೋಗ್ತಿದ್ರೆ ಬಿಸಿ ಆಗ್ಬೇಕಲ್ಲ ಮುನಿರಾಜಣ್ಣ? ಆಗಿಲ್ಲ. ನಿಮ್ಮ ಮಾತಿಗೆ ಪುರಾವೆ ಏನು?” ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಬಾಯಿ ಮುಚ್ಚಿಸುತ್ತಿದ್ದ ಪ್ರಶ್ನೆ ಅದು.

“ನನ್ ಕಿವಿ ಅಷ್ಟೇಯ.”

“ಈ ಬೇಸಿಗೇಲಿ ನಿಲ್ಸಿದ್ರೆ ಊರಿಗೆಲ್ಲ ನೀರು ನೀವು ಹೊತ್ತು ತರ್ತೀರಾ?”

ಅವರು ನಕ್ಕರು. “ನಿಮ್ ಹತ್ರ ಮಾತಾಡಿ ಗೆಲ್ಲಕ್ಕಾಯ್ತದಾ? ಆಯ್ತು ಬುಡಿ.”

ಮೂರನೆಯ ದಿನ ಬೆಳಿಗ್ಗೆ ಬೇರಿಂಗ್ ಕಚ್ಚಿಕೊಂಡು, ಮೋಟರು ಪಂಪುಗಳನ್ನು ಜೋಡಿಸುವ ಕಬ್ಬಿಣದ ಭಾಗ ಸಿಡಿಯಿತು. ಸ್ವಿಚ್ ಆರಿಸಲು ಓಡಿದ ಮುನಿರಾಜಣ್ಣನ ಬಲಗೈಗೆ ಬಡಿದು ಎರಡು ಬೆರಳು ಹೋದವು.

ನಾನು ಪಂಪ್‌ಹೌಸ್ ಮುಟ್ಟಿದಾಗಲೂ ಮೊಬೈಲಿನ ಪರದೆಯಲ್ಲಿ ಹಸಿರೇ ಇತ್ತು. ಮೋಟರಿನ ಮೇಲೆ ಒದ್ದೆ ಗೋಣಿಚೀಲ. ತಗಡಿನ ಶೆಡ್ಡಿನ ಕಾವಿಗೆ ಮೋಟರು ಸುಡಬಾರದೆಂದು ಮುನಿರಾಜಣ್ಣ ಪ್ರತಿ ಬೇಸಿಗೆಯಲ್ಲೂ ಹಾಗೆ ಹೊದಿಸಿ, ಗಂಟೆಗೊಮ್ಮೆ ನೀರು ಚಿಮುಕಿಸುತ್ತಿದ್ದರಂತೆ. ಅದರಡಿಯಲ್ಲಿ ನನ್ನ ಸೆನ್ಸರ್. ಅದನ್ನು ಕೂರಿಸಿದ್ದು ಜನವರಿಯ ಚಳಿಯಲ್ಲಿ. ಆಮೇಲೆ ನಾನು ಆ ಕಡೆ ಹೋಗಿರಲಿಲ್ಲ.

ಯಂತ್ರ ಸುಳ್ಳು ಹೇಳಿತು ಎನ್ನುವವರನ್ನು ನಾನು ಈಗಲೂ ಒಪ್ಪುವುದಿಲ್ಲ. ಅದು ಗೋಣಿಯ ತಂಪನ್ನು ಸರಿಯಾಗಿಯೇ ಅಳೆದಿತ್ತು. ಎರಡು ಕಿವಿಯಿದ್ದ ಮನುಷ್ಯನ ಬಾಯಿ ಮುಚ್ಚಿಸಿದ್ದು ನಾನು.

ಆಸ್ಪತ್ರೆಯಲ್ಲಿ ಅವರೇ ಕೇಳಿದರು. “ಗೋಣಿ ಹಾಕ್ಬಾರ್ದಾಗಿತ್ತಾ ಮೇಡಂ? ನಿಮ್ ಮಿಷಿನ್ನೂ ಕಾದೋಯ್ತದೆ ಅಂತ ಅದುಕ್ಕೂ ಸೇರ್ಸಿ ಹೊದ್ಸಿದ್ದೆ.”

ಆಫೀಸಿಗೆ ಮರಳಿದಾಗ ಅಪಘಾತದ ವರದಿ ಸಿದ್ಧವಾಗಿತ್ತು.

ವರದಿಯಲ್ಲಿ ಕಾರಣ ಒಂದೇ ಸಾಲು: ಸಿಬ್ಬಂದಿ ಸೆನ್ಸರ್ ಮುಚ್ಚಿದ್ದರು. ಮುನಿರಾಜಣ್ಣ ಮೂರು ದಿನ ಮೊದಲೇ ಎಚ್ಚರಿಸಿದ್ದರು ಎಂದು ನಾನು ಕೆಳಗೆ ಸೇರಿಸಿದೆ. ಮ್ಯಾನೇಜರ್ ಓದಿ, “ಹಾಗೆ ಹೇಳಿದ್ರು ಅನ್ನೋಕೆ ಪುರಾವೆ ಏನಮ್ಮ?” ಎಂದರು.

ಫೋನ್ ತೋರಿಸಿದೆ. ನಾಲ್ಕು ನಿಮಿಷದ ಕರೆ ಎಂದಷ್ಟೇ ಇತ್ತು. ಮಾತು ರೆಕಾರ್ಡ್ ಆಗಿರಲಿಲ್ಲ.

“ನಾನು ಕೇಳಿಸ್ಕೊಂಡಿದೀನಿ ಸರ್” ಎಂದೆ.

ಆ ಸಾಲನ್ನು ಅವರು ಹೊಡೆದುಹಾಕಿದರು. ತಪ್ಪು ಮುನಿರಾಜಣ್ಣನದೆಂದೇ ಉಳಿಯಿತು; ಊರಿಗೆ ಬೇರೆ ವಾಟರ್‌ಮ್ಯಾನ್ ಬಂದ. ಈಗ ಯಾರಾದರೂ ಸದ್ದು ಬೇರೆಯಾಗಿದೆ ಎಂದರೆ ನಾನು ವಾದಿಸುವುದಿಲ್ಲ, ಗಾಡಿ ಹತ್ತಿ ಹೊರಡುತ್ತೇನೆ. ಮುನಿರಾಜಣ್ಣನ ಕೈಗೆ ಅದರಿಂದ ಏನೂ ಮರಳುವುದಿಲ್ಲ.