ಶಿರಾಕ್ಕೆ ಹೋಗಿ ನಾಟಕದ ಬಾಕ್ಸು ಆರಿಸಿದ್ದು

ಶಿರಾಕ್ಕೆ ಹೊರಟ ದಿನ ಮೊಣಕಾಲು ನೋವು ಜೋರಾಗಿತ್ತು. ಶನಿವಾರ ಬೇರೆ, ನನಗೆ ಒಪ್ಪೊತ್ತು. ಮಧುಗಿರಿ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದ ಕೂಡಲೇ ಸೀಟು ಸಿಕ್ಕಿತು. ಅಷ್ಟಾದರೂ ಆಯಿತಲ್ಲ ತಾಯಿ ಮಾರಮ್ಮ ಅಂದುಕೊಂಡು ಕೂತೆ.

ನಮ್ಮ ಯಜಮಾನರದು ಮೈಕ್ ಸೆಟ್ಟಿನ ಕೆಲಸ. ಮದುವೆಗೂ ಹೋಗುತ್ತಾರೆ, ಗೃಹಪ್ರವೇಶಕ್ಕೂ ಹೋಗುತ್ತಾರೆ, ಆದರೆ ಅವರಿಗೆ ಹೆಸರು ಬಂದದ್ದು ಹಳ್ಳಿಯವರು ಆಡುವ ಪೌರಾಣಿಕ ನಾಟಕದಿಂದ. ನಮ್ಮ ಕಡೆ ನಾಟಕ ಅಂದರೆ ಹುಡುಗಾಟವಲ್ಲ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಕಲಿಸುತ್ತಾರೆ. ಹಗಲು ಕುರಿ ಕಾಯುವವನು ಸಂಜೆ ಕೂತು ಕಂದಪದ್ಯ ಬಾಯಿಪಾಠ ಮಾಡುತ್ತಾನೆ. ಆಡುವ ದಿನ ಬೀಗರು ಬಿಜ್ಜರೆಲ್ಲ ಬರುತ್ತಾರೆ. ಅಷ್ಟೆಲ್ಲ ಆಗಿ ಮಾತೇ ಕೇಳಿಸದಿದ್ದರೆ ಹೇಗಿರುತ್ತೆ?

ಹೋದ ಸಲ ಪಾವಗಡ ಕಡೆಯ ಒಂದೂರಲ್ಲಿ ಹಾಗೇ ಆಯಿತು. ಯಜಮಾನರೇ ಆರಿಸಿ ತಂದಿದ್ದ ಸ್ಪೀಕರ್ ಬಾಕ್ಸುಗಳು ಬರೀ ಗುಂಯ್ ಅಂದವು. ಗದೆ ಹಿಡಿದವನು ಏನು ಅಬ್ಬರಿಸಿದನೋ ಹಿಂದೆ ಕೂತವರಿಗೆ ತಿಳಿಯಲಿಲ್ಲ. ಅಲ್ಲಿನ ಮೇಷ್ಟ್ರು ಒಳ್ಳೆಯವರು, ಜಗಳ ಆಡಲಿಲ್ಲ. "ಮುಂದಿನ ನಾಟಕಕ್ಕೂ ನೀವೇ ಬನ್ನಿ. ಆವಾಗ್ಲೂ ಹಿಂಗಾದ್ರೆ ಹಿಂದೂಪುರದ ಸೆಟ್ ಕರೆಸ್ತೀವಿ, ಬೇಜಾರು ಮಾಡ್ಕೋಬಾರ್ದು" ಅಂದರು. ಹಿಂದೂಪುರದ ಸೆಟ್ ಒಂದು ಸಲ ಬಂದರೆ ಆ ಕಡೆಯ ಹಳ್ಳಿಗಳೆಲ್ಲ ಕೈ ತಪ್ಪುತ್ತವೆ. ಅದಕ್ಕೇ ಬೇರೆ ಬಾಕ್ಸು ನೋಡಲು ಶಿರಾಕ್ಕೆ ಹೊರಟದ್ದು.

ನೀನೂ ಬಾ ಅಂತ ಅವರು ಕರೆಯಲಿಲ್ಲ. ನಾನೇ ಹೊರಟೆ. ಕಾರಣ ನನಗೊಬ್ಬಳಿಗೇ ಗೊತ್ತಿತ್ತು. ಮೊದಲೆಲ್ಲ ನಾನು ಪೂಜೆ ಗಂಟೆ ಅಲ್ಲಾಡಿಸಿದರೆ ಎಲ್ಲಿದ್ದರೂ ಮಂಗಳಾರತಿಗೆ ಬರುತ್ತಿದ್ದರು. ಈಗ ತಟ್ಟೆ ಹಿಡಿದುಕೊಂಡು ಹೋಗಿ ಭುಜ ಮುಟ್ಟಬೇಕು. "ಕೂಗಬಾರ್ದಾ?" ಅನ್ನುತ್ತಾರೆ. ಕೂಗಿರುತ್ತೇನೆ. ವರ್ಷದಿಂದ ಹೀಗೇ. ಹೇಳಲು ಬಾಯಿ ಬಂದಿರಲಿಲ್ಲ.

ಬಾಕ್ಸು ಮಾಡುವ ಸಾಬರು ವಯಸ್ಸಾದವರು, ಕೆಲಸದಲ್ಲಿ ಗಟ್ಟಿಗರು. ಶೆಡ್ಡಿನ ಮುಂದೆ ಎರಡು ಜೊತೆ ಇಟ್ಟಿದ್ದರು. ಒಂದು ಜೊತೆ ದೊಡ್ಡದು, ಇನ್ನೊಂದು ಮೊಣಕಾಲುದ್ದ, ಆದರೆ ಎತ್ತಿದರೆ ಕಲ್ಲಿನ ಭಾರ. ಹಾಡು ಹಾಕಿದರು. ಯಜಮಾನರು ದೊಡ್ಡದರ ಮಗ್ಗುಲಿಗೆ ಅಂಗೈ ಊರಿ ಕಣ್ಣು ಮುಚ್ಚಿಕೊಂಡರು.

"ಇದು ನೋಡಿ ಸಾಬ್ರೇ. ಹೆಂಗೆ ಒದೀತದೆ."

"ಯಜಮಾನ್ರೇ, ಪೆಟ್ಟಿಗೆ ಮೈ ನಡುಗಿದ್ರೆ ಹಲಗೆ ತೆಳ್ಳಗದೆ ಅಂತ ಅರ್ಥ. ದನಿ ಜನಕ್ಕೆ ಹೋಗ್ಬೇಕು, ಹಲಗೆ ಕುಣಿಸಿದ್ರೆ ಏನು ಬಂತು?"

"ಮತ್ತೆ ತೆಳ್ಳಗೆ ಮಾಡಿದೋರು ಯಾರು?"

"ನಾನೇ. ಎತ್ತಕ್ಕೆ ಹಗೂರ ಇರ್ಲಿ ಅಂದ ಗಿರಾಕಿ. ಮಾಡಿಟ್ಟ ಮೇಲೆ ಬರಲೇ ಇಲ್ಲ."

ಯಜಮಾನರು ನಗಲಿಲ್ಲ. ಚಿಕ್ಕದರ ಮೇಲೂ ಕೈಯಿಟ್ಟರು. ಅದು ಅಲುಗಲೇ ಇಲ್ಲ. "ಸತ್ತಂಗದೆ" ಅಂದರು. ಆವಾಗ ನನಗೆ ಗೊತ್ತಾಯಿತು. ಈ ಮನುಷ್ಯ ಕಿವಿಯಲ್ಲಿ ಕೇಳುತ್ತಿಲ್ಲ, ಕೈಯಲ್ಲಿ ಕೇಳುತ್ತಿದ್ದಾರೆ. ಹೋದ ಸಲವೂ ಹೀಗೇ ಆರಿಸಿದ್ದಾರೆ.

ನನ್ನ ಬ್ಯಾಗಿನಲ್ಲಿ ನೆಂಟರ ಮದುವೆ ಪತ್ರಿಕೆ ಇತ್ತು. ಸಾಬರ ಕೈಗೆ ಕೊಟ್ಟೆ. "ಹಾಡು ಬ್ಯಾಡ ಭಾಯಿ. ಇದನ್ನ ಮೈಕಲ್ಲಿ ಓದಿ. ಮೊದ್ಲು ದೊಡ್ಡದರಲ್ಲಿ, ಆಮೇಲೆ ಚಿಕ್ಕದರಲ್ಲಿ. ನಾಟಕಕ್ಕೆ ಬೇಕಾಗಿರೋದು ಮಾತು ತಾನೇ" ಅಂದೆ. ಕುಂಟಿಕೊಂಡು ರಸ್ತೆಯಲ್ಲಿ ಪಂಚರ್ ಅಂಗಡಿಯವರೆಗೂ ನಡೆದೆ. ಹಿಂದಿನ ಸಾಲಿನವರು ಸುಮಾರು ಅಷ್ಟು ದೂರ ಕೂತಿರುತ್ತಾರೆ. ಬಿಸಿಲು ನೆತ್ತಿಗೆ ಬರುತ್ತಿತ್ತು. ಅಂಗಡಿಯವನು ನೆರಳಿಗೆ ಬನ್ನಿ ಅಂದ, ಅದೂ ಒಂದು ಪುಣ್ಯ.

ದೊಡ್ಡ ಬಾಕ್ಸಿನಲ್ಲಿ ಯಾರೋ ಗಡಿಗೆಯೊಳಗೆ ತಲೆ ಹಾಕಿ ಮಾತಾಡಿದ ಹಾಗಿತ್ತು. ಚಿಕ್ಕದರಲ್ಲಿ ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು, ಮುಹೂರ್ತ, ಛತ್ರ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಬಂದು ಕಿವಿಗೆ ಬಿತ್ತು. ಅಂಗಡಿಯವನು ಕೂಡ ಕೆಲಸ ನಿಲ್ಲಿಸಿ, "ಯಾರ ಮನೆ ಮದುವೆ?" ಅಂತ ಕೇಳಿದ.

ವಾಪಸು ಬರುವಷ್ಟರಲ್ಲಿ ಯಜಮಾನರು ದೊಡ್ಡದನ್ನೇ ಕಟ್ಟಿಕೊಡಿ ಅಂತ ಹೇಳಿಬಿಟ್ಟಿದ್ದರು. ಸಾಬರು ನನ್ನ ಮುಖ ನೋಡಿದರು. ಅಷ್ಟರಲ್ಲಿ ಆಜಾನ್ ಆಯಿತು. "ನಮಾಜ್ ಮುಗಿಸ್ಕೊಂಡು ಬತ್ತೀನಿ, ಕೂತಿರಿ" ಅಂತ ಎದ್ದು ಹೋದರು. ಅವರ ದೇವರು ನಮ್ಮಿಬ್ಬರಿಗೂ ಸ್ವಲ್ಪ ಹೊತ್ತು ಕೊಟ್ಟ ಅಂತ ಇವತ್ತಿಗೂ ಅಂದುಕೊಳ್ಳುತ್ತೇನೆ.

"ರೀ, ನಿಮಗೆ ಕಿವಿ ಕೇಳ್ತಾ ಇಲ್ಲ" ಅಂದೆ. ಹತ್ತಿರ ಕೂತು ಗಟ್ಟಿಯಾಗೇ ಅಂದೆ, ಎರಡು ಸಲ ಹೇಳುವ ಧೈರ್ಯ ನನಗಿರಲಿಲ್ಲ. "ಒಂದು ವರ್ಷದಿಂದ ನಂಗೊತ್ತು."

ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ನೆಲದ ಮೇಲಿದ್ದ ಮರದ ಹೊಟ್ಟನ್ನು ಚಪ್ಪಲಿಯಿಂದ ಒಂದು ಕಡೆ ಗುಡ್ಡೆ ಮಾಡುತ್ತಾ ಕೂತರು.

"ಆ ದೊಡ್ಡ ದೊಡ್ಡ ಬಾಕ್ಸ್ ಪಕ್ಕದಲ್ಲಿ ಇಷ್ಟು ವರ್ಷ ನಿಂತಿದ್ದೀನಲ್ಲ" ಅಂದರು. ಆಮೇಲೆ, "ನಿಂಗ್ಯಾವ್ದು ಕೇಳಿಸ್ತು?"

"ಚಿಕ್ಕದು. ಹೆಣ್ಣಿನ ಸೋದರತ್ತೆ ಊರು ಸಮೇತ ಕೇಳಿಸ್ತು."

"ಸರಿ, ಅದನ್ನೇ ತಗೊಳ್ಳಾನ. ಆದ್ರೆ ನಾಟಕದಲ್ಲಿ ಯಾವಾಗ ಏರಿಸ್ಬೇಕು, ಯಾವಾಗ ಇಳಿಸ್ಬೇಕು ಅಂತ ನಂಗೆಂಗೆ ಗೊತ್ತಾಯ್ತದೆ?"

ನಾನು ಅಷ್ಟು ದೂರ ಯೋಚಿಸಿರಲಿಲ್ಲ. ಕಾಲು ಸೆಳೆಯುತ್ತಿತ್ತು, ಹೊಟ್ಟೆಯಲ್ಲಿ ಏನೂ ಇರಲಿಲ್ಲ. "ನಾನ್ ಬತ್ತೀನಿ ಬುಡಿ" ಅಂದೆ.

ಪಾವಗಡ ಕಡೆಯ ಆ ಊರಿನ ಮುಂದಿನ ನಾಟಕದ ದಿನ ಮಧ್ಯಾಹ್ನವೇ ಹೋಗಿ ಸೆಟ್ ಹಾಕಿದೆವು. ರಾತ್ರಿಯ ಆಟಕ್ಕೆ ಮುಂಚೆ ಪಾತ್ರದವರು ಬಣ್ಣ ಹಚ್ಚದೆ ಒಂದೊಂದು ಮಾತು ಹೇಳಿ ನೋಡುವ ಹೊತ್ತು. ಮೇಷ್ಟ್ರ ಮುಂದೆ ಏನು ನೆಪ ಹೇಳುತ್ತಾರೋ ಅಂತ ನನಗೆ ಅಳುಕಿತ್ತು. ಯಜಮಾನರು ನೇರವಾಗಿ ಹೇಳಿಬಿಟ್ಟರು. "ಮೇಷ್ಟ್ರೇ, ನಂಗೆ ಕಿವಿ ಮಂದ ಆಗದೆ. ಹೋದ್ ಸಲ ತಪ್ಪು ನಂದೇ. ಇವತ್ತು ಹಿಂದೆ ನಮ್ಮನೆಯವ್ಳು ನಿಂತಿರ್ತಾಳೆ. ಕೈ ಎತ್ತಿದ್ರೆ ಏರಿಸ್ತೀನಿ, ಇಳಿಸಿದ್ರೆ ಇಳಿಸ್ತೀನಿ."

ಮೇಷ್ಟ್ರು "ಸರೇ, ಕಾನೀ" ಅಂದರು, ಆ ಕಡೆಯವರ ತೆಲುಗಿನಲ್ಲಿ, ಆಗಲಿ ಅಂತ. ಹಾರ್ಮೋನಿಯಂ ತಿದಿ ಒತ್ತಿದರು.

ನಾನು ಬಯಲಿನ ಕೊನೆಯಲ್ಲಿ ನಿಂತು ಕೈ ಎತ್ತಿದೆ, ಇಳಿಸಿದೆ. ಗದೆಯವನ ಹೆಂಡತಿ ಪಕ್ಕದಲ್ಲೇ ಬಂದು ನಿಂತಳು. ಅವನ ಮಾತು ನೆಟ್ಟಗೆ ನಮ್ಮವರೆಗೂ ಬಂತು. ಅರ್ಧದಲ್ಲಿ ತಡವರಿಸಿದ್ದೂ ಬಂತು. "ಹೋದ ಸಲನೇ ವಾಸಿ ಕಣಕ್ಕ, ಮರ್ತಿದ್ದು ಯಾರ್ಗೂ ಕೇಳಿಸ್ಲಿಲ್ಲ" ಅಂತ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಸುಮಾರು ಒಂದು ಗಂಟೆ ಹಾಗೇ ನಿಂತಿದ್ದೆ. ಆಮೇಲೆ ಮೇಷ್ಟ್ರು ಅಷ್ಟು ದೂರ ತಾವೇ ನಡೆದು ಬಂದರು. "ಹಿಂದೂಪುರ ಬೇಡಮ್ಮ. ಸಂಕ್ರಾಂತಿ ಆದ್ಮೇಲೆ ಪಕ್ಕದೂರಲ್ಲೂ ನಾಟಕ ಅದೆ. ನೀವಿಬ್ರೂ ಬರ್ಬೇಕು" ಅಂದರು. ದೂರದಲ್ಲಿ ಯಜಮಾನರು ನನ್ನ ಕೈಯನ್ನೇ ನೋಡುತ್ತಾ ನಿಂತಿದ್ದರು, ಇವರೇನು ಹೇಳಿದರೋ ಅವರಿಗೆ ಕೇಳಿಸಿರಲಿಲ್ಲ. ಕೈ ಮೇಲೆತ್ತಿ ತೋರಿಸಲೂ ನನಗೆ ಶಕ್ತಿ ಉಳಿದಿರಲಿಲ್ಲ.

"ಬತ್ತೀವಿ ಮೇಷ್ಟ್ರೇ" ಅಂದೆ. "ಒಂದು ಕುರ್ಚಿ ಹಾಕಿಸಿ."